ಡೈರಿ ಅಧ್ಯಕ್ಷೆಯಾಗಿದ್ದೇನೆ. ನಿಸ್ವಾರ್ಥಿ ಅಂದರೆ ಎಲ್ಲ ಕೆಲಸ ನಾನೇ ಮಾಡುವುದಾ?

ಪ್ರಶ್ನೆ: ಹೊಸ ಅಧ್ಯಕ್ಷೆ, ಮಾಲೂರು ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ ಇದೆ. ಹಿಂದಿನ ಅಧ್ಯಕ್ಷರು ವಯಸ್ಸಾಯಿತು, ಮಂಡಿ ನೋವು ಅಂತ ಬಿಟ್ಟುಕೊಟ್ಟರು. ಎಲ್ಲರೂ ಸೇರಿ ಅವಿರೋಧವಾಗಿ ನನ್ನನ್ನು ಕೂರಿಸಿದರು. ನಾನು ಓದಿದ್ದು ಪಿಯುಸಿ. ಮನೆಯಲ್ಲಿ ಮೂರು ಎಚ್‌ಎಫ್ ಹಸು, ಸ್ವಲ್ಪ ರಾಗಿ, ಟೊಮೆಟೊ. ಡೈರಿ ದುಡ್ಡಲ್ಲೇ ಇಬ್ಬರು ಮಕ್ಕಳ ಫೀಸು ಕಟ್ಟಿದ್ದೇನೆ. ಅದಕ್ಕೇ ಈ ಸಂಘ ಅಂದರೆ ನನಗೆ ಪ್ರಾಣ.

ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೆ ಅಲ್ಲಿರುತ್ತೇನೆ, ಸಂಜೆಯೂ ಇರುತ್ತೇನೆ. ಪಶು ಆಹಾರದ ಲೋಡ್ ಬಂದರೆ ಮೂಟೆ ಇಳಿಯುವ ತನಕ ನಿಂತಿರುತ್ತೇನೆ. ಯಾರ ಮನೆ ಹಸುವಾದರೂ ಕರು ಹಾಕಲು ಕಷ್ಟಪಟ್ಟರೆ ಡಾಕ್ಟರಿಗೆ ಫೋನ್ ಮಾಡುವುದು ನಾನೇ. ರಿಜಿಸ್ಟರ್ ಬರೆಯುವುದೂ ಈಗ ಹೆಚ್ಚುಕಡಿಮೆ ನಾನೇ. ಸಭೆಯ ಸಿಟ್ಟಿಂಗ್ ಫೀಸು ಬೇಡ ಅಂದಿದ್ದೇನೆ. ಟೀ ಖರ್ಚು ನನ್ನ ಕೈಯಿಂದ. ಇಂಥ ನಿಸ್ವಾರ್ಥಿ ಅಧ್ಯಕ್ಷೆ ಬಂದಿರಲಿಲ್ಲ ಅಂತ ಊರಲ್ಲಿ ಹೇಳುತ್ತಾರೆ. ಕೇಳಿದರೆ ಖುಷಿಯಾಗುತ್ತೆ.

ಆದರೆ ನಮ್ಮ ಕಾರ್ಯದರ್ಶಿ ಹುಡುಗಿ ಮೊನ್ನೆ ಬಂದು ‘ಅಕ್ಕ, ನಾನು ಕೆಲಸ ಬಿಡ್ತೀನಿ’ ಅಂದಳು. ಬಿ.ಕಾಂ ಮಾಡಿದ್ದಾಳೆ, ಲೆಕ್ಕ ಚೆನ್ನಾಗಿ ಬರುತ್ತೆ, ಕೈ ಶುದ್ಧ. ಯಾಕಮ್ಮಾ ಅಂದರೆ ‘ಇಲ್ಲಿ ನನಗೆ ಅಂತ ಏನು ಕೆಲಸ ಉಳಿದಿದೆ ಅಕ್ಕ?’ ಅನ್ನುತ್ತಾಳೆ. ಇತ್ತ ನಿರ್ದೇಶಕಿಯೊಬ್ಬರು ತಮ್ಮ ಸೊಸೆಯನ್ನು ಆ ಜಾಗಕ್ಕೆ ತರಬೇಕು ಅಂತ ಕಾಯುತ್ತಿದ್ದಾರೆ.

ಇದರ ನಡುವೆ ಗುಜರಾತಿನ ಆನಂದ್‌ಗೆ ತರಬೇತಿ ಪ್ರವಾಸ ಹೊರಟಿದೆ. ನಮ್ಮ ಸಂಘಕ್ಕೆ ಒಂದೇ ಸೀಟು. ಅಧ್ಯಕ್ಷರು ಹೋಗುವುದೇ ವಾಡಿಕೆಯಂತೆ. ಹುಡುಗಿಯನ್ನು ಕಳಿಸಿ, ಅವಳು ಎಲ್ಲ ಕಲಿತು, ಆಮೇಲೆ ಬೇರೆ ಕಡೆ ಒಳ್ಳೆ ಸಂಬಳ ಸಿಕ್ಕಿತು ಅಂತ ಹೋಗಿಬಿಟ್ಟರೆ? ಮದುವೆಯಾಗಿ ಹೋದರೆ?

ಜನರಿಗೋಸ್ಕರ ದುಡಿಯಬೇಕು ಅನ್ನುವ ಆಸೆ ನಿಜವಾಗಿಯೂ ಇದೆ. ಅದನ್ನು ಸರಿಯಾಗಿ ಮಾಡುವುದು ಹೇಗೆ? ಅನುಭವ ಇರುವವರು ಬಿಡಿಸಿ ಹೇಳಿ.

ಉತ್ತರ: ನಿವೃತ್ತ ವಿಸ್ತರಣಾಧಿಕಾರಿ, ಹಾಸನ

ಅಮ್ಮಾ, ನೀವು ಆನಂದ್ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಆ ಊರಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ಆನಂದ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಅಮುಲ್ ಡೈರಿಯನ್ನು ಬೆಳೆಸಿದ ವರ್ಗೀಸ್ ಕುರಿಯನ್. ಬರಬೇಕಾದ್ದೇ. ಆದರೆ ಕುರಿಯನ್ ಅವರನ್ನು ಆ ಊರಲ್ಲಿ ಉಳಿಸಿಕೊಂಡವರು ಯಾರು? ತ್ರಿಭುವನದಾಸ್ ಪಟೇಲ್. ನಮ್ಮ ಕಡೆಯ ಎಷ್ಟೋ ಡೈರಿ ಅಧ್ಯಕ್ಷರಿಗೆ ಈ ಹೆಸರೇ ಗೊತ್ತಿಲ್ಲ. ಗೊತ್ತಾಗಬೇಕು ಅಂತ ಸರ್ವೀಸಿನಲ್ಲಿ ಇದ್ದಷ್ಟು ದಿನವೂ ನಾನು ಹಳ್ಳಿ ಹಳ್ಳಿಯ ಸಭೆಯಲ್ಲಿ ಹೇಳುತ್ತಿದ್ದೆ. ಈಗ ನಿಮಗೆ ಹೇಳುತ್ತಿದ್ದೇನೆ.

ಆಗ ಆನಂದ್ ಇದ್ದ ಖೇಡಾ ಜಿಲ್ಲೆಯ ಹಾಲೆಲ್ಲ ಪೋಲ್ಸನ್ ಅನ್ನುವ ಖಾಸಗಿ ಡೈರಿಯ ಕೈಯಲ್ಲಿತ್ತು. ಬೊಂಬಾಯಿಗೆ ಹಾಲು ಕಳಿಸುವ ಗುತ್ತಿಗೆ ಅವರದು. ರೈತರಿಗೆ ಸಿಗುತ್ತಿದ್ದ ದರ ಗಿಟ್ಟುತ್ತಿರಲಿಲ್ಲ. ರೈತರು ಸರ್ದಾರ್ ಪಟೇಲರ ಹತ್ತಿರ ಹೋದರು. ಅವರು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿ 4ರಂದು ಸಮರಖಾ ಅನ್ನುವ ಹಳ್ಳಿಯಲ್ಲಿ ಸಭೆ ಸೇರಿತು. ನಮ್ಮ ಹಾಲನ್ನು ನಾವೇ ಸಂಘ ಕಟ್ಟಿ ಮಾರುತ್ತೇವೆ, ಒಪ್ಪದಿದ್ದರೆ ಹಾಲೇ ಕೊಡುವುದಿಲ್ಲ ಅಂತ ತೀರ್ಮಾನ ಆಯಿತು. ಹದಿನೈದು ದಿನ ಹಾಲು ಹೋಗಲಿಲ್ಲ. ಸರ್ಕಾರ ಬಗ್ಗಿತು. ಅದೇ ವರ್ಷ ಡಿಸೆಂಬರ್ 14ರಂದು ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ಮುಂದೆ ಅಮುಲ್ ಆಗಿದ್ದು ಅದೇ. ಮೊದಲ ಅಧ್ಯಕ್ಷರು ತ್ರಿಭುವನದಾಸ್. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಗಾಂಧಿವಾದಿ. ಹಳ್ಳಿ ಹಳ್ಳಿ ಸುತ್ತಿ ಸಂಘ ಕಟ್ಟಿದವರು.

1949ರ ಮೇ ತಿಂಗಳಲ್ಲಿ ಕುರಿಯನ್ ಅಲ್ಲಿಗೆ ಬಂದರು, ಅದೂ ಒಕ್ಕೂಟಕ್ಕಲ್ಲ, ಸರ್ಕಾರದ ಕ್ರೀಮರಿಗೆ, ಅಂದರೆ ಕೆನೆ, ಬೆಣ್ಣೆ ತೆಗೆಯುವ ಕಾರ್ಖಾನೆಗೆ. ಸರ್ಕಾರದ ದುಡ್ಡಲ್ಲಿ ಅಮೆರಿಕದಲ್ಲಿ ಓದಿದ್ದಕ್ಕೆ ಬಾಂಡ್ ಇತ್ತು, ಅದನ್ನು ತೀರಿಸಲು ಬಂದವರು. ಕೋಯಿಕ್ಕೋಡಿನ ಮಲಯಾಳಿ ಕ್ರಿಶ್ಚಿಯನ್. ಗುಜರಾತಿ ಬರದು. ಮದುವೆಯಾಗಿಲ್ಲ, ಮಾಂಸ ತಿನ್ನುವವರು. ಊರಲ್ಲಿ ಬಾಡಿಗೆಗೆ ಮನೆ ಸಿಗದೆ ಒಂದು ಗ್ಯಾರೇಜಿನಲ್ಲಿ ಇದ್ದರು. ಯಾವಾಗ ಬಿಟ್ಟು ಹೋಗುತ್ತೇನೋ ಅಂತ ದಿನ ಎಣಿಸುತ್ತಿದ್ದರು.

ಒಕ್ಕೂಟದ ಯಂತ್ರಗಳು ಹಳೆಯವು, ಪದೇ ಪದೇ ಕೆಡುತ್ತಿದ್ದವು. ತ್ರಿಭುವನದಾಸ್ ಈ ಹುಡುಗನನ್ನು ಕರೆಯುವರು, ಹುಡುಗ ಬಂದು ರಿಪೇರಿ ಮಾಡಿಕೊಡುವರು. ಕೊನೆಗೊಂದು ದಿನ ಕುರಿಯನ್, ಈ ಗುಜರಿ ಯಂತ್ರ ಬಿಟ್ಟು ಹೊಸದು ತನ್ನಿ ಅಂದರು. ತ್ರಿಭುವನದಾಸ್ ದುಡ್ಡು ಹೊಂದಿಸಿ ತಂದೇಬಿಟ್ಟರು. ಅಷ್ಟರಲ್ಲಿ ಕುರಿಯನ್‌ಗೆ ಸರ್ಕಾರದ ಕೆಲಸದಿಂದ ಬಿಡುಗಡೆ ಆಯಿತು. ಹೊರಟು ನಿಂತವರಿಗೆ ತ್ರಿಭುವನದಾಸ್ ಹೇಳಿದ್ದು, ಹೊಸ ಯಂತ್ರ ಕೂರಿಸಿ ನಡೆಯುವಂತೆ ಮಾಡಿ ಹೋಗಿ ಅಂತ. ಆಮೇಲೆ ಕುರಿಯನ್ ಆನಂದ್ ಬಿಡಲೇ ಇಲ್ಲ.

ಅಮ್ಮಾ, ಇಲ್ಲಿ ಸ್ವಲ್ಪ ನಿಂತು ನೋಡಿ. ಅಧ್ಯಕ್ಷರಿಗೆ ಆಗ 45 ದಾಟಿತ್ತು, ಜಿಲ್ಲೆಯೆಲ್ಲ ಗೌರವ ಕೊಡುತ್ತಿತ್ತು. ಎದುರಿಗೆ 27ರ ಹುಡುಗ. ಬೇರೆ ಜಾತಿ, ಬೇರೆ ಭಾಷೆ, ಖಡಕ್ ಮಾತು. ತಮ್ಮವರೇ ಒಬ್ಬರನ್ನು ಆ ಜಾಗದಲ್ಲಿ ಕೂರಿಸಿಕೊಳ್ಳುವುದು ಎಷ್ಟು ಸುಲಭ ಇತ್ತು ಅಲ್ವಾ? ಅವರು ನೋಡಿದ್ದು ಕೆಲಸ ಬಲ್ಲವರು ಯಾರು ಅಂತ ಮಾತ್ರ. ಸಿಕ್ಕಿದ ಮೇಲೆ ಆ ಮನುಷ್ಯನಿಗೆ ಡೈರಿ ನಡೆಸಲು ಬಿಟ್ಟರು. ರೈತರನ್ನು ಒಗ್ಗಟ್ಟಾಗಿ ಇಡುವುದು, ರಾಜಕೀಯದವರನ್ನು ನಿಭಾಯಿಸುವುದು ತಮ್ಮ ಪಾಲು ಅಂತ ಇಟ್ಟುಕೊಂಡರು. ಸ್ವತಃ ಕಾಂಗ್ರೆಸ್ ಮುಖಂಡರು, ಮುಂದೆ ರಾಜ್ಯಸಭೆಗೂ ಹೋದವರು. ಹಾಗಿದ್ದೂ ಪಕ್ಷವನ್ನು ಡೈರಿಯ ಒಳಗೆ ತರಲಿಲ್ಲ. ಬೆಳೆಗೆ ಬೇಲಿ ಇದ್ದ ಹಾಗೆ ಇದ್ದರು.

ಅದಕ್ಕೇ ನನ್ನ ಅಭಿಪ್ರಾಯ ಇದು. ನಿಸ್ವಾರ್ಥಿ ನಾಯಕ ಅಂದರೆ ಅಧಿಕಾರ ಬೇಡ ಅನ್ನುವವನಲ್ಲ. ತ್ರಿಭುವನದಾಸ್ ಇಪ್ಪತ್ತೈದು ವರ್ಷದಷ್ಟು ಆ ಕುರ್ಚಿಯಲ್ಲಿ ಇದ್ದರು. ಅಧಿಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು, ಆದರೆ ತಮ್ಮ ಕೆಳಗೆ ದುಡಿಯುವವರ ರಕ್ಷಣೆಗೆ. ಆ ನೆರಳಲ್ಲಿ ಏನೇನು ಆಯಿತು ನೋಡಿ. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದಿಲ್ಲ ಅಂತ ಹೊರದೇಶದ ಪರಿಣತರು ಹೇಳುತ್ತಿದ್ದರು. ಕುರಿಯನ್ ಕರೆತಂದ ಗೆಳೆಯ ಎಚ್.ಎಂ. ದಲಾಯಾ ಮಾಡಿ ತೋರಿಸಿದರು. 1955ರಲ್ಲಿ ಪುಡಿ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. 1963ರ ಮ್ಯಾಗ್ಸೆಸೆ ಪ್ರಶಸ್ತಿ ತ್ರಿಭುವನದಾಸ್, ಕುರಿಯನ್, ಬೊಂಬಾಯಿಯ ಹಾಲು ಕಮಿಷನರ್ ಆಗಿದ್ದ ದಾರಾ ಖುರೋಡಿ ಮೂವರಿಗೂ ಸೇರಿ ಬಂತು. ಆಮೇಲೆ ದೇಶ ಕುರಿಯನ್ ಅವರನ್ನು ತಲೆ ಮೇಲೆ ಹೊತ್ತು ಮೆರೆಸಿತು. ಅಧ್ಯಕ್ಷರು ಅದಕ್ಕೆ ಅಡ್ಡ ಬರಲಿಲ್ಲ. ಗುರುವಾದವನಿಗೆ ಬರುವ ದೊಡ್ಡ ಪರೀಕ್ಷೆ ಇದೇ ಅಂತ ನನಗೆ ಅನ್ನಿಸುತ್ತೆ. ಕಷ್ಟದಲ್ಲಿದ್ದ ಶಿಷ್ಯನಿಗೆ ಸಹಾಯ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಶಿಷ್ಯನ ಹೆಸರು ತನ್ನ ಹೆಸರಿಗಿಂತ ದೊಡ್ಡದಾದಾಗ ಮನಸ್ಸು ತಿಳಿಯಾಗಿ ಇಟ್ಟುಕೊಳ್ಳುವವರು ಕಡಿಮೆ.

1970ರ ದಶಕದ ಮೊದಲಲ್ಲಿ ತಾವಾಗಿಯೇ ಅಮುಲ್ ಅಧ್ಯಕ್ಷಗಿರಿ ಬಿಟ್ಟರು. ಹಳ್ಳಿ ಸಂಘಗಳ ಸದಸ್ಯರು ತಲಾ ಒಂದು ರೂಪಾಯಿ ಹಾಕಿ ಆರು ಲಕ್ಷದ ಹಮ್ಮಿಣಿ ಅರ್ಪಿಸಿದರು. ಆ ಕಾಲದ ಆರು ಲಕ್ಷ! ಅದನ್ನು ಮನೆಗೆ ಒಯ್ಯಲಿಲ್ಲ. ಆ ಹಣದಿಂದ ಖೇಡಾ ಜಿಲ್ಲೆಯ ತಾಯಂದಿರ, ಮಕ್ಕಳ ಆರೋಗ್ಯಕ್ಕೆ ಒಂದು ಪ್ರತಿಷ್ಠಾನ ಕಟ್ಟಿದರು. ಅದು ಬೆಳೆದ ಮೇಲೆ ಅದರ ಅಧ್ಯಕ್ಷಗಿರಿಯನ್ನೂ ಕುರಿಯನ್‌ಗೆ ಬಿಟ್ಟುಕೊಟ್ಟರು. 1994ರಲ್ಲಿ ತೀರಿಕೊಂಡರು. ಆನಂದ್‌ನಲ್ಲಿ ಅವರ ಹೆಸರಿನ ಸಹಕಾರಿ ವಿಶ್ವವಿದ್ಯಾಲಯಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2025ರಲ್ಲಿ.

ನಮ್ಮ ರಾಜ್ಯಕ್ಕೂ ಬಂದಿರುವುದು ಅದೇ ಆನಂದ್ ಪದ್ಧತಿ. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಆಯಿತು, ಮುಂದೆ ಕೆಎಂಎಫ್ ಆಯಿತು. ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಆಡಳಿತ ಚುನಾಯಿತರದು, ದಿನದ ಕೆಲಸ ಸಂಬಳದ ನೌಕರರದು. ಈ ಎರಡನ್ನು ಬೇರೆ ಬೇರೆ ಇಟ್ಟಿರುವುದರಲ್ಲಿ ಅರ್ಥ ಇದೆ. ನೀವು ಬರೆಯುತ್ತಿರುವ ರಿಜಿಸ್ಟರ್ ನಿಮ್ಮ ಕಾರ್ಯದರ್ಶಿಯದು. ಅದನ್ನು ಅವಳಿಗೆ ಬಿಡಿ. ನೀವು ಎಷ್ಟೇ ಒಳ್ಳೆ ಮನಸ್ಸಿಂದ ಬರೆದರೂ, ಊರಿನವರ ಕಣ್ಣಿಗೆ ಅವಳ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೇ ಕಾಣುತ್ತೆ.

ಅವಳ ಕೈಯಲ್ಲಿ ಆಗದ ಕೆಲಸ ಒಂದಿದೆ. ಆ ನಿರ್ದೇಶಕಿಗೆ ‘ಇಲ್ಲ’ ಅನ್ನುವುದು. ಅದು ನಿಮ್ಮ ಕೆಲಸ. ಆಡಳಿತ ಮಂಡಳಿ ಸಭೆಯಲ್ಲೇ ಹೇಳಿ, ನಡಾವಳಿಯಲ್ಲಿ ಬರೆಸಿ. ಸೊಸೆಗೆ ಆಸಕ್ತಿ ಇದ್ದರೆ ಮುಂದೆ ಜಾಗ ಖಾಲಿಯಾದಾಗ ಎಲ್ಲರ ಜೊತೆ ಅರ್ಜಿ ಹಾಕಲಿ ಅನ್ನಿ. ಈಗ ಜಾಗ ಖಾಲಿ ಇಲ್ಲ.

ಸಿಟ್ಟಿಂಗ್ ಫೀಸಿನ ಬಗ್ಗೆ ನನ್ನದು ಬೇರೆ ಮಾತು. ದಯವಿಟ್ಟು ತಗೊಳ್ಳಿ. ನಿಮಗೆ ಮೂರು ಹಸು ಇವೆ, ಬಿಟ್ಟರೂ ನಡೆಯುತ್ತೆ. ನಾಳೆ ಒಂದೇ ಹಸು ಇರುವ, ಕೂಲಿಗೆ ಹೋಗುವ ಹೆಂಗಸು ಅಧ್ಯಕ್ಷೆಯಾದರೆ? ಸಭೆಗೆ ಬಂದ ದಿನ ಅವಳ ಕೂಲಿ ಹೋಯಿತು. ಫೀಸು ತಗೊಂಡರೆ ‘ಹಿಂದಿನವರು ತಗೊಳ್ತಿರಲಿಲ್ಲ’ ಅಂತ ಮಾತು ಕೇಳಬೇಕು. ನೀವು ಇವತ್ತು ಬೇಡ ಅನ್ನುವುದರಿಂದ ನಾಳೆ ಬಡವರು ಆ ಕುರ್ಚಿಗೆ ಬರುವ ದಾರಿ ಕಿರಿದಾಗುತ್ತೆ. ಟೀ ಖರ್ಚೂ ಅಷ್ಟೇ, ಸಂಘದ ಲೆಕ್ಕಕ್ಕೆ ಹಾಕಿ.

ಇನ್ನು ಸೀಟು. ಹುಡುಗಿಯನ್ನು ಕಳಿಸಿ. ಕಲಿತು ಬಿಟ್ಟು ಹೋದರೆ ಅಂತ ಕೇಳಿದಿರಿ. ಹೋದರೂ ಇನ್ನೊಂದು ಊರಿನ ಡೈರಿಗೋ ಒಕ್ಕೂಟಕ್ಕೋ ಹೋಗುತ್ತಾಳೆ, ಹಾಲು ಹಾಕುವ ಹೆಂಗಸರ ಹತ್ತಿರಕ್ಕೇ ಹೋಗುತ್ತಾಳೆ. ಕಲಿಸಿದ್ದು ಎಲ್ಲಿ ಹಾಳಾಯಿತು? ಆದರೆ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಹಾಲು ಪರೀಕ್ಷೆ ಮಾಡುವವರಿಗೆ ಪುಸ್ತಕದ ಕೆಲಸವನ್ನೂ, ಕಾರ್ಯದರ್ಶಿಗೆ ಪರೀಕ್ಷೆಯ ಕೆಲಸವನ್ನೂ ಕಲಿಸಿಡಿ. ಅವಳು ರೈಲಲ್ಲಿ ಇರುವಾಗ ಬಟವಾಡೆ ನಿಲ್ಲಬಾರದು.

ಉತ್ತರ: ಕಾರ್ಯದರ್ಶಿ, ಚನ್ನಪಟ್ಟಣ ಕಡೆ

ಅಕ್ಕ, ನಾನು ನಿಮ್ಮ ಆ ಹುಡುಗಿಯ ಜಾಗದಲ್ಲಿ ಇರುವವಳು. ಸರ್ ಹೇಳಿದ ಬೇಲಿಯ ಮಾತು ಓದಿ ನಮ್ಮ ಹಳೇ ಅಧ್ಯಕ್ಷರು ನೆನಪಾದರು. ನಾನು ಸೇರಿದಾಗ ಅವರೇ ಇದ್ದಿದ್ದು. ಓದು ಬರಹ ಇಲ್ಲ. ಸಹಿ ಮಾತ್ರ ಕಲಿತಿದ್ದರು, ಅದನ್ನೂ ನಿಧಾನಕ್ಕೆ ಬರೆಯುತ್ತಿದ್ದರು.

ಒಂದು ಸಂಜೆ ಊರಿನ ದೊಡ್ಡ ಮನೆಯ ಹಾಲು ಬಂತು. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಇಟ್ಟರೆ ಡಿಗ್ರಿ ಇಲ್ಲ. ಮೆಷಿನ್‌ಗೆ ಹಾಕಿದರೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) 7.6 ತೋರಿಸಿತು. ನಮ್ಮಲ್ಲಿ 8.5 ಬರಬೇಕು. ನಾನು ಹಾಲು ವಾಪಸ್ ಕೊಟ್ಟೆ. ತಂದಿದ್ದ ಯಜಮಾನರು ಕೂಗಾಡಿದರು. ‘ನಿನ್ನೆ ಮೊನ್ನೆ ಬಂದವಳು ನಮ್ಮ ಹಾಲಿಗೆ ನೀರು ಅಂತೀಯಾ’ ಅಂದರು. ಸಾಲಲ್ಲಿ ನಿಂತಿದ್ದವರು ಯಾರೂ ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ತಮ್ಮ ಹಾಲಿನ ಕ್ಯಾನ್ ಹಿಡಿದು ಬಂದರು.

ಅವರು ನನ್ನ ಪರವಾಗಿ ಜಗಳ ಆಡಲಿಲ್ಲ. ‘ಮೊದಲು ನನ್ನ ಹಾಲು ನೋಡು’ ಅಂದರು. ಪ್ಲಂಜರ್ ತಗೊಂಡು ತಾವೇ ಕ್ಯಾನಿನ ತಳದವರೆಗೂ ಚೆನ್ನಾಗಿ ಕಲಕಿದರು. ಕೆನೆ ಮೇಲೆ ಬಂದು ನಿಂತಿರುತ್ತೆ, ಕಲಕದೆ ಮೇಲಿನ ಹಾಲು ತೆಗೆದರೆ ಫ್ಯಾಟ್ ಜಾಸ್ತಿ ತೋರಿಸುತ್ತೆ, ತಳದ್ದು ತೆಗೆದರೆ ಕಡಿಮೆ. ಇದು ಅವರಿಗೆ ಕೈಯಿಂದ ಗೊತ್ತಿದ್ದ ವಿದ್ಯೆ. ಅವರ ಹಾಲಿಗೆ ಎಸ್‌ಎನ್‌ಎಫ್ 8.3 ಬಂತು. ‘ಬರಿ, ಎಲ್ಲರಿಗೂ ಕೇಳೋ ಹಾಗೆ ಓದಿ ಬರಿ’ ಅಂದರು. ಅಧ್ಯಕ್ಷರ ಹಾಲಿಗೇ ದರ ಕಡಿಮೆ ಬಿತ್ತು. ಆಮೇಲೆ ಆ ಯಜಮಾನರ ಹಾಲನ್ನು ಅವರ ಕೈಯಿಂದಲೇ ಕಲಕಿಸಿದರು. ಎರಡನೇ ಸಲವೂ 7.6. ಒಂದು ಸ್ಯಾಂಪಲ್ ಬಾಟಲಿ ಮುಚ್ಚಿ, ಅದರ ಮೇಲೆ ಅವರ ಸದಸ್ಯ ನಂಬರ್ ಬರೆಸಿ, ‘ಬೇಕಿದ್ದರೆ ಒಕ್ಕೂಟದ ಲ್ಯಾಬಿಗೆ ಕಳಿಸೋಣ’ ಅಂದರು. ಯಜಮಾನರು ಬೇಡ ಅಂದರು. ಕೊನೆಗೆ ಅಧ್ಯಕ್ಷರು ಒಂದು ಮಾತು ಹೇಳಿದರು: ‘ಅಳತೆ ಬಗ್ಗೆ ತಕರಾರು ಇದ್ದರೆ ನನ್ನ ಮನೆಗೆ ಬನ್ನಿ. ಈ ಹುಡುಗಿ ಹತ್ತಿರ ಜೋರು ಮಾಡಬೇಡಿ.’

ಅಷ್ಟು ಜನರ ಎದುರು ಅಂಥ ಮಾತು ಕೇಳಿದ ಮೇಲೆ ನಾನು ಆ ಡೈರಿ ಬಿಟ್ಟು ಹೋಗುವುದು ಹೇಗೆ?

ರಾತ್ರಿ ಲೆಕ್ಕ ಮುಗಿಸಿ ಬೀಗ ಹಾಕುವಾಗ, ನಾವಿಬ್ಬರೇ ಇದ್ದಾಗ, ಇನ್ನೊಂದು ಮಾತು ಹೇಳಿದರು. ‘ನಂಬರ್ ಮೊದಲು ತೋರಿಸು ಮಗಳೇ, ಮಾತು ಆಮೇಲೆ ಆಡು. ನೀರು ಅನ್ನೋ ಪದ ನಿನ್ನ ಬಾಯಲ್ಲಿ ಬರಬಾರದು. ಮೇವು ಸರಿಯಿಲ್ಲದಿದ್ದರೂ ಡಿಗ್ರಿ ಇಳಿಯುತ್ತೆ.’ ಹೊಗಳಿಕೆ ಎಲ್ಲರ ಎದುರು, ತಿದ್ದುವುದು ಒಬ್ಬಳೇ ಇದ್ದಾಗ. ಅವರು ಇದ್ದಷ್ಟು ದಿನವೂ ಹೀಗೇ ನಡೆದುಕೊಂಡರು.

ವಾರ್ಷಿಕ ಸಭೆಯ ಮುಂಚೆ ಜಮಾ ಖರ್ಚು ನನ್ನಿಂದ ಓದಿಸುತ್ತಿದ್ದರು. ಅರ್ಥ ಆಗದ ಕಡೆ ತಡೆದು ಮತ್ತೆ ಕೇಳುತ್ತಿದ್ದರು. ‘ನನಗೆ ತಿಳಿಯದ್ದು ಸಭೆಗೂ ತಿಳಿಯಲ್ಲ, ಬೇರೆ ಥರ ಹೇಳು’ ಅನ್ನುತ್ತಿದ್ದರು. ಸವಕಳಿ ಅಂದರೆ ಏನು ಅಂತ ಅವರಿಗೆ ತಿಳಿಸುವಷ್ಟರಲ್ಲಿ ಅದು ನನಗೇ ಮೊದಲ ಸಲ ಸರಿಯಾಗಿ ತಿಳಿಯಿತು. ಕಾಲೇಜಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ.

ನಿಮ್ಮ ಹುಡುಗಿಗೆ ಕೆಲಸ ವಾಪಸ್ ಕೊಡಿ ಅಕ್ಕ. ಸಂಜೆ ಹೊತ್ತು ನೀವು ಡೈರಿಗೆ ಬಂದರೆ ಬೇಡ ಅನ್ನುವುದಿಲ್ಲ, ಬನ್ನಿ. ಹಾಲು ಹಾಕುವವರ ಸಾಲಲ್ಲಿ ನಿಂತು ಬನ್ನಿ.

ಉತ್ತರ: ಹಾಲು ಹಾಕುವವನು, ಕನಕಪುರ ಕಡೆ

ಮೇಲಿನವರ ಮಾತು ಚೆನ್ನಾಗಿದೆ. ಆದರೆ ಒಂದು ಎಚ್ಚರಿಕೆ ಹೇಳದೆ ಇರಲಾರೆ.

ನಾನು ಹಾಲು ಹಾಕುತ್ತಿದ್ದ ಒಂದು ಸಂಘದಲ್ಲಿ ಅಧ್ಯಕ್ಷರು ಬಹಳ ಒಳ್ಳೆಯವರು. ನೌಕರರನ್ನು ನಂಬಬೇಕು ಅನ್ನುವವರು. ಆ ನಂಬಿಕೆಯಲ್ಲಿ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಕೊಟ್ಟಿದ್ದರು. ಪಶು ಆಹಾರದ ದಾಸ್ತಾನು ಎಣಿಸಿ ನೋಡಲೇ ಇಲ್ಲ. ಆಡಿಟ್ ಬಂದಾಗ ಪುಸ್ತಕದಲ್ಲಿ ಇದ್ದ ಮೂಟೆ ಗೋದಾಮಿನಲ್ಲಿ ಇರಲಿಲ್ಲ. ನಮ್ಮ ಬೋನಸ್ ಆ ವರ್ಷ ಹೋಯಿತು. ಅಧ್ಯಕ್ಷರು ಒಂದು ರೂಪಾಯಿ ತಿಂದವರಲ್ಲ. ಆದರೂ ನಷ್ಟ ಆಗಿದ್ದು ನಮಗೆ ತಾನೇ?

ಹಾಗಾಗಿ ಕೆಲಸ ಬಿಟ್ಟುಕೊಡಿ, ಕಣ್ಣು ಮಾತ್ರ ತೆಗೆಯಬೇಡಿ. ತಿಂಗಳಿಗೊಮ್ಮೆ ಗೊತ್ತುಮಾಡದ ದಿನ ಹೋಗಿ ಮೂಟೆ ಎಣಿಸಿ. ಊರಲ್ಲೇ ಬಿಡಿಯಾಗಿ ಮಾರುವ ಹಾಲಿನ ದುಡ್ಡನ್ನು ಆ ದಿನದ ನಗದು ಪುಸ್ತಕದ ಜೊತೆ ತಾಳೆ ನೋಡಿ. ಸಂಗ್ರಹಿಸಿದ ಹಾಲು ಎಷ್ಟು, ಒಕ್ಕೂಟಕ್ಕೆ ಹೋಗಿದ್ದು ಎಷ್ಟು, ಇಲ್ಲೇ ಮಾರಿದ್ದು ಎಷ್ಟು, ಇದನ್ನು ಬೋರ್ಡ್ ಮೇಲೆ ದಿನಾ ಬರೆಸಿ. ಲೆಕ್ಕ ನೋಡುವುದು ಅಪನಂಬಿಕೆ ಅಂತ ಪ್ರಾಮಾಣಿಕ ಹುಡುಗಿ ತಿಳಿಯುವುದಿಲ್ಲ. ನಾಳೆ ಆ ನಿರ್ದೇಶಕಿ ಅವಳ ಮೇಲೆ ಸುಳ್ಳು ದೂರು ಹಾಕಿದರೆ ಕಾಪಾಡುವುದು ಇದೇ ಬೋರ್ಡು, ಇದೇ ಎಣಿಕೆ.

ಉತ್ತರ: ಕ್ರಿಕೆಟ್ ಪ್ರೇಮಿ, ಬೆಂಗಳೂರು

ನನಗೆ ಡೈರಿ ಗೊತ್ತಿಲ್ಲ. ಅಜ್ಜಿ ಮನೆಯಲ್ಲಿ ಹಾಲು ಹಾಕಲು ಜೊತೆಗೆ ಹೋಗಿದ್ದಷ್ಟೇ. ಆದರೆ ಸೀಟಿನ ವಿಷಯ ಓದಿದಾಗ ನಮ್ಮ ರಾಹುಲ್ ದ್ರಾವಿಡ್ ನೆನಪಾದರು.

2018ರ ಫೆಬ್ರವರಿಯಲ್ಲಿ 19 ವರ್ಷದೊಳಗಿನ ಹುಡುಗರು ನ್ಯೂಜಿಲೆಂಡಿನಲ್ಲಿ ವಿಶ್ವಕಪ್ ಗೆದ್ದರು. ಕೋಚ್ ದ್ರಾವಿಡ್. ಕ್ರಿಕೆಟ್ ಮಂಡಳಿ ಬಹುಮಾನ ಘೋಷಿಸಿತು, ಕೋಚ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಒಪ್ಪಲಿಲ್ಲ. ಎಲ್ಲ ಸಿಬ್ಬಂದಿಗೂ ಒಂದೇ ಮೊತ್ತ ಇರಲಿ ಅಂದರು. ಕೊನೆಗೆ ಅವರಿಗೂ 25, ಉಳಿದ ಸಿಬ್ಬಂದಿಗೂ 25 ಆಯಿತು. ಅಂದರೆ ಅರ್ಧ ಬಿಟ್ಟರು. 2024ರ ಟಿ20 ವಿಶ್ವಕಪ್ ಗೆದ್ದಾಗಲೂ ಅದೇ ಕಥೆ. ಬರಬೇಕಿದ್ದ ಐದು ಕೋಟಿ ಬಿಟ್ಟು ಬೇರೆ ಕೋಚ್‌ಗಳಿಗೆ ಬಂದಷ್ಟೇ ಎರಡೂವರೆ ಕೋಟಿ ತಗೊಂಡರು.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಅವರು ಇಂಡಿಯಾ ‘ಎ’ ತಂಡದಲ್ಲಿ ಮಾಡಿದ ಕೆಲಸ. ಪ್ರವಾಸಕ್ಕೆ ಬಂದ ಪ್ರತಿ ಹುಡುಗನಿಗೂ ಕನಿಷ್ಠ ಒಂದು ಪಂದ್ಯ ಆಡಲು ಸಿಕ್ಕೇ ಸಿಗುತ್ತೆ ಅಂತ ಮೊದಲೇ ಹೇಳಿಬಿಡುತ್ತಿದ್ದರು. ಹಾಗೇ ನಡೆದುಕೊಂಡರು. 19 ವರ್ಷದೊಳಗಿನವರ ತಂಡದಲ್ಲಿ ಇದಕ್ಕಾಗಿಯೇ ಪಂದ್ಯದಿಂದ ಪಂದ್ಯಕ್ಕೆ ಐದಾರು ಜನರನ್ನು ಬದಲಿಸಿದ್ದೂ ಇದೆ. ತಾವು ಚಿಕ್ಕವರಿದ್ದಾಗ ಹಾಗೆ ಪ್ರವಾಸ ಹೋಗಿ ಆಡಲು ಸಿಗದೆ ಬಂದ ಬೇಸರ ಅವರಿಗೆ ನೆನಪಿತ್ತು. ಗೆಲುವಿನ ದಾಖಲೆ ನೋಡಿಕೊಳ್ಳುವ ಕೋಚ್ ಹೀಗೆ ಮಾಡುವುದು ಕಷ್ಟ. ಎಷ್ಟೋ ವರ್ಷ ಕಾದು ತಂಡಕ್ಕೆ ಬಂದ ಹುಡುಗ ಬೆಂಚಿನ ಮೇಲೆ ಕೂತು ವಾಪಸ್ ಹೋದರೆ, ಮತ್ತೆ ಆಯ್ಕೆದಾರರ ಕಣ್ಣಿಗೆ ಬೀಳುವುದು ಹೇಗೆ?

ಅಕ್ಕ, ಮುಂದೆ ನಿಮ್ಮ ಸಂಘಕ್ಕೆ ಏನಾದರೂ ಬಹುಮಾನ ಬಂದರೆ ವೇದಿಕೆಗೆ ಹಾಲು ಪರೀಕ್ಷೆ ಮಾಡುವವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರಿಂದ: ಹೊಸ ಅಧ್ಯಕ್ಷೆ, ಮಾಲೂರು ಕಡೆ

ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಚನ್ನಪಟ್ಟಣದ ತಂಗಿಯ ಉತ್ತರವನ್ನು ನಮ್ಮ ಹುಡುಗಿಗೇ ಓದಲು ಕೊಟ್ಟೆ. ಪೂರ್ತಿ ಓದಿದಳು. ಈಗ ರಾಜೀನಾಮೆ ಮಾತು ಆಡುತ್ತಿಲ್ಲ. ರಿಜಿಸ್ಟರ್ ಅವಳ ಟೇಬಲ್ ಮೇಲಿದೆ.

ಆನಂದ್‌ಗೆ ಅವಳ ಹೆಸರೇ ಕೊಟ್ಟೆವು. ನಿರ್ದೇಶಕಿಯವರು ಅಧ್ಯಕ್ಷೆ ಇರುವಾಗ ಸಂಬಳದವಳು ಯಾಕೆ ಅಂದರು. ಹಾಲು ಹಿಡಿಯುವವಳು, ಲೆಕ್ಕ ಬರೆಯುವವಳು ಅವಳು, ನೋಡಿ ಬರಬೇಕಾದವಳೂ ಅವಳೇ ಅಂದೆ. ನಡಾವಳಿಯಲ್ಲಿ ಬರೆಸಿದ್ದೇನೆ. ಮೂಟೆ ಎಣಿಕೆ ಮತ್ತು ಬೋರ್ಡಿನ ಸಲಹೆಯನ್ನು ಹುಡುಗಿಯೇ ಮೊದಲು ಒಪ್ಪಿದಳು, ಕನಕಪುರದ ಅಣ್ಣ ಹೇಳಿದ ಹಾಗೆಯೇ ಆಯಿತು.

ಸಿಟ್ಟಿಂಗ್ ಫೀಸು ಒಂದರಲ್ಲಿ ಮಾತ್ರ ನನಗೆ ಮನಸ್ಸು ಬರುತ್ತಿಲ್ಲ ಸರ್. ನೀವು ಹೇಳಿದ ಕಾರಣ ಸರಿ, ಅದಕ್ಕೇ ಮುಂದಿನ ಸಭೆಯಿಂದ ಸಹಿ ಹಾಕಿ ತಗೊಳ್ಳುತ್ತೇನೆ. ಆದರೆ ತಗೊಂಡ ಮೇಲೆ ಅದನ್ನು ಏನು ಮಾಡಬೇಕು ಅನ್ನುವುದು ನನಗೆ ಬಿಟ್ಟಿದ್ದು. ಕರು ಸಾಕಲು ಕಷ್ಟಪಡುವ ಒಂಟಿ ಹೆಂಗಸರು ನಮ್ಮ ಸಂಘದಲ್ಲಿ ಇದ್ದಾರೆ. ಯಾರಿಗೂ ಹೇಳದೆ ಅವರಿಗೆ ಹಿಂಡಿ, ಬೂಸಾ ಕೊಡಿಸುತ್ತೇನೆ. ಇದು ತಪ್ಪಲ್ಲ ತಾನೇ?

ಇನ್ನೊಂದು. ಹುಡುಗಿ ಮೊದಲ ಸಲ ರಾಜ್ಯ ದಾಟುತ್ತಿದ್ದಾಳೆ. ಆನಂದ್‌ನಲ್ಲಿ ಏನೇನು ನೋಡಿ ಬರಲು ಹೇಳಲಿ?

ಉತ್ತರ: ನಿವೃತ್ತ ವಿಸ್ತರಣಾಧಿಕಾರಿ, ಹಾಸನ

ತಪ್ಪೇನೂ ಇಲ್ಲ ಅಮ್ಮಾ. ಪುಸ್ತಕದಲ್ಲಿ ಫೀಸು ಬರಲಿ ಅಂತ ಮಾತ್ರ ನಾನು ಹೇಳಿದ್ದು. ಕೈಗೆ ಬಂದ ಮೇಲೆ ಅದು ನಿಮ್ಮ ಹಣ.

ಆನಂದ್‌ನಲ್ಲಿ ದೊಡ್ಡ ಡೈರಿಯನ್ನು ಹೇಗಿದ್ದರೂ ತೋರಿಸುತ್ತಾರೆ. ಅವಳು ಕೇಳಿ ನೋಡಬೇಕಾದ್ದು ಹಳ್ಳಿ ಸಂಘ. ಆಗುವುದಾದರೆ ಅಜರಪುರಕ್ಕೆ ಕರೆದುಕೊಂಡು ಹೋಗಿ ಅನ್ನಲಿ. 1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಒಂದು ರಾತ್ರಿ ರೈತರ ಜೊತೆ ಉಳಿದುಕೊಂಡಿದ್ದ ಹಳ್ಳಿ ಅದು. ಸಂಘ ಹೇಗೆ ನಡೆಯುತ್ತೆ ಅಂತ ಹೆಂಗಸರನ್ನು, ಗಂಡಸರನ್ನು ಕೇಳಿ ತಿಳಿದುಕೊಂಡರು. ಮರು ವರ್ಷ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಆಯಿತು, ಅದರ ಕಚೇರಿ ದೆಹಲಿಯಲ್ಲಿ ಅಲ್ಲ, ಆನಂದ್‌ನಲ್ಲೇ ಇದೆ.

ಹಳ್ಳಿ ಸಂಘಕ್ಕೆ ಹೋದಾಗ ಕ್ಯಾನ್ ತೊಳೆಯುವ ಜಾಗ ನೋಡಲಿ. ಕರೆದ ಹಾಲು ತಂಪು ಯಂತ್ರಕ್ಕೆ ಬೀಳಲು ಎಷ್ಟು ಹೊತ್ತು ಆಗುತ್ತೆ ಅಂತ ಗಡಿಯಾರ ಇಟ್ಟು ನೋಡಲಿ. ಸದಸ್ಯರ ತಕರಾರು ಬಂದರೆ ಯಾರು ಕೇಳುತ್ತಾರೆ, ಎಲ್ಲಿ ಬರೆದಿಡುತ್ತಾರೆ ಅಂತ ವಿಚಾರಿಸಲಿ. ತ್ರಿಭುವನದಾಸ್ ಅವರ ಹೆಸರಿನ ಆರೋಗ್ಯ ಪ್ರತಿಷ್ಠಾನದವರು ಮಾತಾಡಲು ಸಿಕ್ಕರೆ ಬಿಡಬಾರದು. ಹಾಲಿನ ಸಂಘದ ಮೂಲಕವೇ ಹಳ್ಳಿ ತಾಯಂದಿರನ್ನು ತಲುಪಿದ್ದು ಹೇಗೆ ಅಂತ ಕೇಳಲಿ, ನಿಮ್ಮದು ಮಹಿಳಾ ಸಂಘ, ಅದು ನಿಮಗೆ ತುಂಬ ಉಪಯೋಗಕ್ಕೆ ಬರುತ್ತೆ.

ಬಂದ ಮೇಲೆ ಸರ್ವ ಸದಸ್ಯರ ಸಭೆಯಲ್ಲಿ ವರದಿಯನ್ನು ಅವಳೇ ಹೇಳಲಿ. ಇಲ್ಲಿ ಬರೆಯುವುದಿದ್ದರೂ ಅವಳೇ ಬರೆಯಲಿ. ನಾವೆಲ್ಲ ಓದುತ್ತೇವೆ.